ಸೀಕೊ 6105 ಡೈವರ್: ಕೊಳ್ಳುವ ಮುನ್ನ ನೋಡುವುದು, ತೆರೆದ ಮೇಲೆ ಮಾಡುವುದು

ನೀರಿನಲ್ಲಿ ಮುಳುಗುವವರಿಗೆಂದು ಸೀಕೊ ಮಾಡಿದ ಹಳೆಯ ಡೈವರ್ ವಾಚು 6105-8110 ಹುಡುಕಿದರೆ ಸಿಗುತ್ತದೆ. ಆದರೆ ಡಯಲ್, ಮುಳ್ಳು, ಕ್ರೌನ್ (ಸಮಯ ಹೊಂದಿಸುವ ಪಕ್ಕದ ಗುಂಡಿ), ಬೆಜೆಲ್ (ಗಾಜಿನ ಸುತ್ತಲ ತಿರುಗುವ ಬಳೆ) ಎಲ್ಲವೂ ಕಾರ್ಖಾನೆಯಲ್ಲಿ ಕೂರಿಸಿದ್ದೇ ಆಗಿರುವ 6105-8110 ಅಪರೂಪ. 1970ರಿಂದ 1977ರವರೆಗೆ ತಯಾರಾದ ಈ ವಾಚು ದುಡಿಯಲೆಂದೇ ಹುಟ್ಟಿದ್ದು. ದುಡಿದ ವಾಚಿಗೆ ರಿಪೇರಿ ತಪ್ಪಿದ್ದಲ್ಲ, ರಿಪೇರಿಗೆ ಹೋದಾಗಲೆಲ್ಲ ಕೈಗೆ ಸಿಕ್ಕ ಭಾಗ ಒಳಗೆ ಕೂತಿರುತ್ತದೆ. ಸಂಗ್ರಹಕಾರರು ಬೆನ್ನು ಹತ್ತುವುದು ವಾಚಿಗಿಂತ ಹೆಚ್ಚಾಗಿ ಈ ಕಲಬೆರಕೆಯಿಂದ ತಪ್ಪಿಸಿಕೊಂಡ ವಾಚಿಗೆ.

ಸೀಕೊದ ಮೊದಲ ಡೈವರ್ 1965ರ 62ಮಾಸ್. ಅದರ ನಂತರ 1968ರಲ್ಲಿ 6105-8000 ಬಂತು, ಆಮೇಲೆ ಈ 8110. ಮೂರಕ್ಕೂ 150 ಮೀಟರ್ ಆಳದ ಭರವಸೆ. 8110ರ ಕೇಸಿನ ಬಲ ಮಗ್ಗುಲು ಉಬ್ಬಿಕೊಂಡು, 4 ಗಂಟೆಯ ಜಾಗದಲ್ಲಿರುವ ಕ್ರೌನನ್ನು ತೋಳಿನಲ್ಲಿ ಅಪ್ಪಿದ ಹಾಗಿದೆ. ಅಗಲ ಸುಮಾರು 44 ಮಿ.ಮೀ., ಆದರೂ ಸ್ಟ್ರಾಪ್ ಕಟ್ಟುವ ಕೊಂಬುಗಳು ಗಿಡ್ಡ, ಹಾಗಾಗಿ ಸಣ್ಣ ಮಣಿಕಟ್ಟಿಗೂ ಒಗ್ಗುತ್ತದೆ. ಜಪಾನಿನ ಸಾಹಸಿ ನವೋಮಿ ಉಯೆಮುರಾ 1974–76ರ 12,000 ಕಿ.ಮೀ. ನಾಯಿಬಂಡಿ ಪಯಣದಲ್ಲಿ ಕಟ್ಟಿದ್ದು 6105ನ್ನೇ. ಕಥೆ ಬೆಲೆ ಏರಿಸುತ್ತದೆ ನಿಜ, ಆದರೆ ಲೂಪ್ (ಕಣ್ಣಿಗಿಡುವ ಭೂತಗನ್ನಡಿ) ಹಿಡಿದಾಗ ಕಥೆ ಕಾಣುವುದಿಲ್ಲ.

ನಾನು ಮೊದಲು ತಿರುಗಿಸಿ ನೋಡುವುದು ಹಿಂಬದಿಯ ಮುಚ್ಚಳವನ್ನು. ಸೀರಿಯಲ್ ಸಂಖ್ಯೆಯ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು: 1ರಿಂದ 9, ಅಕ್ಟೋಬರಿಗೆ ಓ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. 8110 ಎಂದು ಕೊರೆದ ಮುಚ್ಚಳದಲ್ಲಿ ಸೀರಿಯಲ್ 8 ಅಥವಾ 9ರಿಂದ ಶುರುವಾದರೆ ಅಲ್ಲೇ ಅನುಮಾನ ಪಡುತ್ತೇನೆ. ಆಮೇಲೆ ಡಯಲ್. ಆರಂಭದವುಗಳಲ್ಲಿ ‘ವಾಟರ್ 150ಎಂ ಪ್ರೂಫ್’, ನಂತರದವುಗಳಲ್ಲಿ ‘ಪ್ರೂಫ್’ ಹೋಗಿ ‘ರೆಸಿಸ್ಟ್’. ಮುಚ್ಚಳದ ಮೇಲೂ ಇದೇ ಬದಲಾವಣೆ ಇದೆ. ಬದಲಾವಣೆಯ ಹೊಸ್ತಿಲಲ್ಲಿ ತಯಾರಾದವುಗಳಲ್ಲಿ ಅದೊಂದು ಇದೊಂದು ಇರಬಹುದು. ಆದರೆ 1975ರ ಸೀರಿಯಲ್ಲಿಗೆ ‘ಪ್ರೂಫ್’ ಡಯಲ್ ಹೊಂದುವ ಜೋಡಿಯಲ್ಲ.

ಹೊಳೆಯುವ ಬಣ್ಣದ ಪರೀಕ್ಷೆ ಒಂದು ನಿಮಿಷದ ಕೆಲಸ. ಕತ್ತಲಲ್ಲಿ ಯುವಿ ಟಾರ್ಚನ್ನು ಹತ್ತು ಸೆಕೆಂಡ್ ಹಿಡಿದು ಆರಿಸುತ್ತೇನೆ. ಐವತ್ತು ವರ್ಷದ ಮೂಲ ಬಣ್ಣ ಟಾರ್ಚಿನ ಕೆಳಗೆ ಮಿನುಗುತ್ತದೆ, ಆರಿಸಿದ ಕೂಡಲೇ ಅಥವಾ ಕೆಲವೇ ಸೆಕೆಂಡಿನಲ್ಲಿ ಸೊರಗುತ್ತದೆ. ನಿಮಿಷಗಟ್ಟಲೆ ಹಸಿರಾಗಿ ಉರಿಯುತ್ತಿದ್ದರೆ ಬಣ್ಣ ಹೊಸದು. ಮುಖ್ಯವಾದದ್ದು ಹೊಂದಾಣಿಕೆ: ಡಯಲಿನ ಗುರುತು, ಎರಡು ಮುಳ್ಳು, ಸೆಕೆಂಡ್ ಮುಳ್ಳಿನ ಗುಂಡಿ, ಬೆಜೆಲಿನ ಚುಕ್ಕೆ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಮಂಕಾಗಬೇಕು. ಬೆಜೆಲ್ ಚುಕ್ಕೆ ಬಿಸಿಲು ಕಂಡಿದ್ದರಿಂದ ಸ್ವಲ್ಪ ಬೇರೆಯಾಗಿದ್ದರೆ ತಪ್ಪಲ್ಲ. ಮುಳ್ಳು ಮಾತ್ರ ಬೇರೆ ಬಣ್ಣಕ್ಕೆ ಹೊಳೆದರೆ ಅವು ಬೇರೆ ಕಡೆಯಿಂದ ಬಂದವು. ಸೆಕೆಂಡ್ ಮುಳ್ಳಿನ ಪೆಟ್ಟಿಗೆಯಂಥ ಭಾಗದಲ್ಲಿ ಸಣ್ಣ ಕೆಂಪು ಚುಕ್ಕೆ ಇರಬೇಕು, ಟ್ರಾಫಿಕ್ ದೀಪದ ಹಾಗೆ. ನಕಲಿಗಳಲ್ಲಿ ಆ ಕೆಂಪು ದಪ್ಪಗೆ ಮೆತ್ತಿರುತ್ತದೆ.

ಕ್ರೌನಿನ ತಲೆಯ ಮೇಲೆ ಬಾಣದ ಗುರುತಿನೊಂದಿಗೆ ‘ಲಾಕ್’ ಎಂದಿರಬೇಕು. ಇದು ತಿರುಪಿನ ಕ್ರೌನ್ ಅಲ್ಲ. ಸ್ವಲ್ಪ ತಿರುಗಿಸಿದರೆ ಕೇಸಿನಲ್ಲಿರುವ ಹಲ್ಲಿಗೆ ಸಿಕ್ಕಿಕೊಂಡು ನಿಲ್ಲುತ್ತದೆ, ಅಷ್ಟೇ. ಲಾಕ್ ಕ್ರೌನನ್ನು ಅಲುಗದಂತೆ ಹಿಡಿಯುತ್ತದೆ, ನೀರನ್ನು ತಡೆಯುವುದು ರಬ್ಬರಿನ ಬಳೆ, ಅಂದರೆ ಗ್ಯಾಸ್ಕೆಟ್. ಇದನ್ನು ಮರೆತು ‘ಲಾಕ್ ಆಗಿದೆಯಲ್ಲ’ ಎಂದು ನೀರಿಗಿಳಿಸಿದ್ದರಿಂದಲೇ ಎಷ್ಟೋ ಡಯಲುಗಳು ಗುಳ್ಳೆ ಎದ್ದಿವೆ.

ಇನ್ನು ತೆರೆಯುವ ಕೆಲಸ. ಮುಚ್ಚಳದ ಗ್ಯಾಸ್ಕೆಟ್ ಕರಗಿ ಡಾಂಬರಿನಂತೆ ಅಂಟಿರುವುದು ಸಾಮಾನ್ಯ. ಕೇಸನ್ನು ಹಿಡಿಕೆಗೆ ಭದ್ರವಾಗಿ ಕೂರಿಸಿ, ಕೀಲಿಯ ಹಲ್ಲುಗಳನ್ನು ಮುಚ್ಚಳದ ಕಚ್ಚುಗಳಿಗೆ ಪೂರ್ತಿ ಇಳಿಸಿಯೇ ತಿರುಗಿಸುತ್ತೇನೆ. ಜಾರಿದರೆ ಮುಚ್ಚಳದ ಮೇಲೆ ಎಳೆದ ಗೀರು ಶಾಶ್ವತ. ಬಿಡದಿದ್ದರೆ ಅಂಚಿಗೆ ಒಂದೇ ಹನಿ ತುಕ್ಕು ಬಿಡಿಸುವ ಎಣ್ಣೆ, ಮುಚ್ಚಳ ಕೆಳಮುಖವಾಗಿಟ್ಟು ಒಂದು ರಾತ್ರಿ. ಕರಗಿದ ರಬ್ಬರನ್ನು ಮರದ ಕಡ್ಡಿಯಿಂದಲೇ ಕೆರೆಯಬೇಕು, ಲೋಹದ ಮೊನೆ ತಾಗಿಸಿದರೆ ಗ್ಯಾಸ್ಕೆಟ್ ಕೂರುವ ತೋಡು ಗೀರಾಗಿ ಮುಂದೆ ಅಲ್ಲಿಂದಲೇ ಸೋರುತ್ತದೆ.

ಒಳಗಿನ ಯಂತ್ರ 6105ಬಿ, 17 ಹರಳು, ಗಂಟೆಗೆ 21,600 ಬಡಿತ. ಕ್ರೌನ್ ಎಳೆದಾಗ ಸೆಕೆಂಡ್ ಮುಳ್ಳು ನಿಲ್ಲಬೇಕು, ನಿಲ್ಲದಿದ್ದರೆ ಹಳೆಯ 6105ಎ ಕೂತಿದೆ, ಇಲ್ಲವೇ ನಿಲ್ಲಿಸುವ ಲಿವರ್ ಕಳೆದಿದೆ. ಕೈಯಿಂದ ಕೀಲಿ ಕೊಡುವ ವ್ಯವಸ್ಥೆ ಇಲ್ಲ, ಅಲ್ಲಾಡಿಸಿಯೇ ಎಬ್ಬಿಸಬೇಕು. ಸ್ಟೆಮ್ (ಕ್ರೌನ್ ಕೂತಿರುವ ಕಡ್ಡಿ) ತೆಗೆಯುವ ಮೊದಲು ಕ್ರೌನಿನ ಲಾಕ್ ಬಿಡಿಸಲೇಬೇಕು. ಲಾಕ್ ಹಾಕಿದ ಹಾಗೇ ಸ್ಟೆಮ್ ಬಿಡಿಸುವ ಲಿವರ್ ಒತ್ತಿ ಎಳೆದರೆ ಅದು ಮುರಿಯುವುದು ಗ್ಯಾರಂಟಿ.

ಮುಳ್ಳು ಎತ್ತುವಾಗ ಡಯಲಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ. ಈ ಕಾಲದ ಬಣ್ಣ ಒಣಗಿದ ಸುಣ್ಣದಂತೆ ಉದುರುತ್ತದೆ, ಒಂದು ಚೂರು ಚಕ್ರದ ಹಲ್ಲಿಗೆ ಸಿಕ್ಕರೆ ವಾಚು ನಿಂತು ಹೋಗುತ್ತದೆ. ಉದುರುವ ಲಕ್ಷಣವಿದ್ದರೆ ಮುಳ್ಳಿನ ಹಿಂಬದಿಯಿಂದ ತೆಳ್ಳಗೆ ಅಂಟು ತಾಗಿಸುತ್ತೇನೆ, ಮುಂಬದಿ ಮುಟ್ಟುವುದಿಲ್ಲ. ಬಿಚ್ಚುವಾಗ ತಲೆನೋವು ಕೊಡುವುದು ಪೆಟ್ಟಿನಿಂದ ಯಂತ್ರವನ್ನು ಕಾಯುವ ಡಯಾಶಾಕ್ ಸ್ಪ್ರಿಂಗ್. ಮೂರೆಲೆಯ ಆ ಸ್ಪ್ರಿಂಗ್ ಚಿಮ್ಮಿದರೆ ನೆಲ ಗುಡಿಸಿದರೂ ಸಿಗದು, ಪಾರದರ್ಶಕ ಚೀಲದೊಳಗೆ ಕೈ ಇಟ್ಟು ತೆಗೆಯುವುದೇ ಲೇಸು.

ಮುಖ್ಯ ಸ್ಪ್ರಿಂಗಿನ ಡಬ್ಬಿಯ ಒಳಗೋಡೆಗೆ ಬ್ರೇಕಿಂಗ್ ಗ್ರೀಸ್ ಬೇಕು, ಸಾಮಾನ್ಯ ಎಣ್ಣೆಯಲ್ಲ. ಎಣ್ಣೆ ಹಾಕಿದರೆ ಸ್ಪ್ರಿಂಗ್ ಬೇಗ ಜಾರಿ, ರಾತ್ರಿ ಬಿಚ್ಚಿಟ್ಟ ವಾಚು ಬೆಳಗ್ಗೆ ನಿಂತಿರುತ್ತದೆ. ಹಿಡಿತ ಅತಿಯಾದರೆ ಪೂರ್ತಿ ಬಿಗಿಯಾದಾಗ ಬ್ಯಾಲೆನ್ಸ್ (ಅತ್ತಿತ್ತ ತೂಗಿ ಸಮಯ ಅಳೆಯುವ ಚಕ್ರ) ಡಿಕ್ಕಿ ಹೊಡೆದು ವಾಚು ವಿಪರೀತ ಮುಂದೆ ಓಡುತ್ತದೆ. ಕೈ ಆಡಿದಾಗ ತಿರುಗುವ ತೂಕದಿಂದ (ರೋಟರ್) ಸ್ಪ್ರಿಂಗನ್ನು ಬಿಗಿಯುವ ಮ್ಯಾಜಿಕ್ ಲಿವರಿನ ಎರಡೂ ಕೊಕ್ಕೆ ಚಕ್ರದ ಎರಡು ಮಗ್ಗುಲಲ್ಲಿ ಕಚ್ಚಿವೆಯೇ ನೋಡಿ, ಲಿವರ್ ತಿರುಗುವ ಪಿನ್ನಿಗೆ ಮಾತ್ರ ಎಣ್ಣೆ. ಹಲ್ಲುಗಳಿಗೆ ಸುರಿದರೆ ಧೂಳು ಹಿಡಿದು ರೋಟರ್ ತಿರುಗಿದರೂ ಸ್ಪ್ರಿಂಗ್ ಏರುವುದಿಲ್ಲ. ಜೋಡಿಸಿದ ಮೇಲೆ ಡಯಲ್ ಮೇಲ್ಮುಖವಾಗಿ 220 ಡಿಗ್ರಿ ದಾಟಿದ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ತೂಗುವ ಅಳತೆ) ಬಂದರೆ ನನಗೆ ಸಾಕು. 200ಕ್ಕಿಂತ ಕೆಳಗಿದ್ದರೆ ಮತ್ತೆ ಬಿಚ್ಚುತ್ತೇನೆ, ವೇಗ ಹೊಂದಿಸುವ ರೆಗ್ಯುಲೇಟರ್ ತಳ್ಳಿ ಮುಚ್ಚುವುದಿಲ್ಲ.

ಕೇಸಿಗೆ ಪಾಲಿಶ್ ಬೇಡವೇ ಬೇಡ. ಮೇಲ್ಮೈಯ ಬ್ರಷ್ ಗೆರೆ ಮುಗಿದು ಹೊಳಪಿನ ಪಕ್ಕ ಶುರುವಾಗುವ ಅಂಚು ಒಮ್ಮೆ ದುಂಡಾದರೆ ಹಿಂದಕ್ಕೆ ಬರುವುದಿಲ್ಲ. ಗೀರು ಬಿದ್ದ ಕೇಸನ್ನು ಕೊಳ್ಳುವವರಿದ್ದಾರೆ, ಸಾಬೂನಿನ ತುಂಡಾದ ಕೇಸನ್ನು ಬಲ್ಲವರು ಮುಟ್ಟುವುದಿಲ್ಲ. ಸೋಪಿನ ನೀರು, ಮೆದು ಬ್ರಷ್ ಇಷ್ಟೇ. ಬೆಜೆಲಿನ ಕಪ್ಪು ಮಾಸಿ ಬೂದಿಯಾಗಿದ್ದರೂ ಹಾಗೇ ಬಿಡುತ್ತೇನೆ.

ಹೊಸ ಗ್ಯಾಸ್ಕೆಟ್‌ಗಳಿಗೆ ಸಿಲಿಕೋನ್ ಗ್ರೀಸ್ ಮಿಂಚುವಷ್ಟೇ ಸವರಿ, ಮುಚ್ಚಿ, ಗಾಳಿಯ ಒತ್ತಡದ ಒಣ ಪರೀಕ್ಷೆ ಮಾಡುತ್ತೇನೆ. 3 ಬಾರ್ ಒತ್ತಡ ತಡೆದರೂ ಅದು ಬೆವರು, ಮಳೆಗೆ ಮಾತ್ರ ರಕ್ಷಣೆ. ಸೋರಿದರೆ ಮೊದಲು ಕ್ರೌನ್ ನೋಡಬೇಕು, ಆಮೇಲೆ ಗಾಜಿನ ಗ್ಯಾಸ್ಕೆಟ್. ಕೊನೆಗೆ ಸ್ಟ್ರಾಪ್: ಕೊಂಬುಗಳ ನಡುವೆ 19 ಮಿ.ಮೀ., 20ರ ಸ್ಟ್ರಾಪ್ ತುರುಕಬೇಡಿ. ಸ್ಟ್ರಾಪನ್ನು ಕೊಂಬುಗಳಿಗೆ ಹಿಡಿಯುವ ಕಡ್ಡಿ, ಅಂದರೆ ಸ್ಪ್ರಿಂಗ್ ಬಾರ್, 2.5 ಮಿ.ಮೀ. ದಪ್ಪದ್ದೇ ಇರಲಿ, ತೆಳು ಬಾರ್ ತೂತಿನಲ್ಲಿ ಆಡುತ್ತಾ ತೂತನ್ನೇ ಸವೆಸುತ್ತದೆ.