ಉಪ್ಪುನೀರಿನ ಟ್ಯಾಂಕಿನ ಕಲ್ಲು ಕೂಡಿಸಲು ನನಗೆ ಗೌಂಡಿ ಕಲಿಸಿದ್ದು

ಸಮುದ್ರದ ಮೀನು ಸಾಕುವ ನನ್ನ ಮೂರಡಿ ಟ್ಯಾಂಕಿನಲ್ಲಿ ಕಲ್ಲಿನ ಕಮಾನು ನೀರಿಗಿಳಿದು ಹದಿನೇಳು ತಿಂಗಳಾಯಿತು. ಒಂದು ಕಲ್ಲೂ ಅಲುಗಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಸಿಮೆಂಟಿನಿಂದ ಕೂಡಿಸುತ್ತೇನೆ ಎಂದಾಗ ಹೈದರಾಬಾದಿನ ಗೆಳೆಯರು "ಪಿಎಚ್ ಏರಿ ಎಲ್ಲಾ ಸಾಯುತ್ತವೆ, ಬಿಡು" ಎಂದಿದ್ದರು. ಪಿಎಚ್ ಎಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆ, ಏರಿದಷ್ಟೂ ಕ್ಷಾರ. ಬೆಂಗಳೂರಿನ ಒಬ್ಬರಂತೂ ಕಲಬುರಗಿ ಬಿಸಿಲಲ್ಲಿ ಉಪ್ಪುನೀರಿನ ಟ್ಯಾಂಕೇ ನಿಲ್ಲುವುದಿಲ್ಲ ಎಂದರು. ಈಗ ಎರಡನೇ ಬೇಸಿಗೆ ನಡೆದಿದೆ. ಟ್ಯಾಂಕೂ ನಿಂತಿದೆ, ಕಮಾನೂ ನಿಂತಿದೆ.

ಟ್ಯಾಂಕ್ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು ನೂರಾ ತೊಂಬತ್ತು ಲೀಟರ್. ನಿಜವಾದ ಹವಳಕ್ಕೆ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಸಮುದ್ರದಿಂದ ತಂದ ಕಲ್ಲಿನ ತಂಟೆಗೇ ನಾನು ಹೋಗಲಿಲ್ಲ. ಮನುಷ್ಯರೇ ಮಾಡಿದ ಒಣ ಕಲ್ಲು, ಇಪ್ಪತ್ತೆರಡು ಕೆಜಿ, ಬೆಂಗಳೂರಿನಿಂದ ತರಿಸಿದೆ. ಸಾಗಣೆ ಸೇರಿ ಹತ್ತು ಸಾವಿರ ದಾಟಿತು. ಅದರಲ್ಲಿ ಎರಡು ತುಂಡು ದಾರಿಯಲ್ಲೇ ಒಡೆದಿದ್ದವು. ಆ ಚೂರುಗಳನ್ನು ಎಸೆಯಲಿಲ್ಲ, ಮುಂದೆ ಅವೇ ಉಪಯೋಗಕ್ಕೆ ಬಂದವು.

ಮೊದಲ ಸಲ ಬರೀ ಸೂಪರ್ ಗ್ಲೂ ಜೆಲ್. ಇಪ್ಪತ್ತು ಗ್ರಾಮಿನ ಟ್ಯೂಬು ಎರಡು ನೂರಾ ಐವತ್ತರ ಹತ್ತಿರ. ಒಂಬತ್ತು ಟ್ಯೂಬು ಖಾಲಿ ಮಾಡಿದೆ. ಜೆಲ್ ಸಾಲದಾದಾಗ ಕಿರಾಣಿ ಅಂಗಡಿಯ ಐದು ರೂಪಾಯಿಯ ತೆಳು ಗ್ಲೂ ತಂದು, ಸಂದಿಗೆ ತುರುಕಿದ ಹತ್ತಿಯ ಮೇಲೆ ಸುರಿದೆ. ಹತ್ತಿ ಬಿಸಿಯಾಗಿ ಹೊಗೆ ಎದ್ದಿತು, ಕಣ್ಣು ಉರಿದು ಅರ್ಧ ಗಂಟೆ ನೀರು ಸೋರಿತು. ಮಾಡುವವರು ಕಿಟಕಿ ತೆಗೆದಿಟ್ಟು, ಮುಖ ದೂರ ಹಿಡಿದು ಮಾಡಿ. ಕಮಾನು ಮಾತ್ರ ಅದೇ ದಿನ ಎದ್ದು ನಿಂತಿತು, ನೋಡಲು ಚಂದ ಇತ್ತು. ಜನವರಿಯಲ್ಲಿ ನೀರು ತುಂಬಿದೆ.

ಏಪ್ರಿಲಿನ ಒಂದು ರಾತ್ರಿ ಎರಡು ಗಂಟೆಗೆ ಧಡ್ ಎಂದಿತು. ಎದ್ದು ಟಾರ್ಚ್ ಹಿಡಿದರೆ ಕಮಾನಿನ ಮೇಲ್ಗಲ್ಲು ಮರಳಿನ ಮೇಲೆ. ಕೆಳಗೆ ಒಂದು ಕ್ಲೀನರ್ ಸಿಗಡಿ ಸಿಕ್ಕಿಕೊಂಡು ಸತ್ತಿತ್ತು. ಗಾಜು ಉಳಿದದ್ದು ಮರಳಿನಡಿಯಲ್ಲಿ ಹಾಕಿದ್ದ ಚೌಕಳಿ ಪ್ಲಾಸ್ಟಿಕ್ ಜಾಳಿಗೆಯಿಂದ. ಬಿದ್ದ ಕಲ್ಲು ತೆಗೆದು ಜೋಡಣೆಯ ಜಾಗ ನೋಡಿದೆ. ಅಂಗೈ ಅಗಲದ ಜಾಗದಲ್ಲಿ ಎರಡೂ ಕಲ್ಲು ತಾಗಿದ್ದದ್ದು ಮೂರೇ ಕಡೆ, ಮೂರೂ ಉಗುರಿನಷ್ಟು. ಉಳಿದದ್ದೆಲ್ಲ ಖಾಲಿ. ಗ್ಲೂ ಗಾಜಿನ ಚೂರಿನಂತೆ ಟಕ್ಕನೆ ಬಿಟ್ಟಿತ್ತು. ಅದು ನೇರ ಎಳೆತ ತಡೆಯುತ್ತದೆ, ಮಗ್ಗುಲಿನಿಂದ ಬಿದ್ದ ಪೆಟ್ಟು ತಡೆಯುವುದಿಲ್ಲ.

ಆಮೇಲೆ ಎರಡು ಉಂಡೆ ಕಲಸಿ ಹಚ್ಚುವ ಇಪಾಕ್ಸಿ ಪುಟ್ಟಿ. ಅಕ್ವೇರಿಯಮ್ಮಿಗೆಂದೇ ಮಾರುವ ಕಡ್ಡಿ, ಎರಡಕ್ಕೆ ಸಾವಿರದ ಏಳು ನೂರು. ನೀರು ತೆಗೆಯದೆ ಒಳಗೇ ಹಚ್ಚಿದೆ, ಅದೇ ತಪ್ಪಾಯಿತು. ಒಂದು ತಾಸಿನಲ್ಲಿ ನೀರಿನ ಕೊಳೆಯನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರ್ ಹುಚ್ಚೆದ್ದು ನೊರೆ ಉಕ್ಕಿ ಹಾಲ್ ಪೂರ್ತಿ ಹರಿಯಿತು. ಪುಟ್ಟಿ ಗಟ್ಟಿಯಾಯಿತು ನಿಜ, ಕಲ್ಲಿಗೆ ಮಾತ್ರ ಹತ್ತಲಿಲ್ಲ. ಮರುದಿನ ಬೆರಳಿನಿಂದ ಎಬ್ಬಿಸಿದರೆ ಟೊಪ್ಪಿಗೆಯಂತೆ ಹಾಗೇ ಎದ್ದು ಬಂತು. ಪುಟ್ಟಿ ತೂತಿನೊಳಗೆ ಹೋಗಿ ಕೂತರೆ ಹಿಡಿಯುತ್ತದೆ, ಮೇಲೆ ಬಳಿದರೆ ಇಲ್ಲ. ಮೀನುಗಳನ್ನು ನೀಲಿ ಡ್ರಮ್ಮಿಗೆ ಹಾಕಿ ಟ್ಯಾಂಕ್ ಬರಿದು ಮಾಡಿದೆ. ಎರಡು ಕ್ಲೌನ್ ಮೀನು ಆ ಡ್ರಮ್ಮಿನಲ್ಲೇ ಆರು ತಿಂಗಳು ಕಳೆದವು.

ಆಗ ತಲೆಗೆ ಬಂದದ್ದು ಸಿಮೆಂಟ್. ವಾಡಿ, ಮಳಖೇಡ, ಸೇಡಂ ಸುತ್ತ ನೆಲದಡಿ ಸುಣ್ಣಕಲ್ಲು, ಮೇಲೆ ಸಿಮೆಂಟ್ ಕಾರ್ಖಾನೆ. ಅದರ ಮಗ್ಗುಲಲ್ಲೇ ಬೆಳೆದ ನಾನು ಆನ್‌ಲೈನಿನಲ್ಲಿ ಗ್ಲೂ ಹುಡುಕುತ್ತಾ ಕೂತಿದ್ದೆನಲ್ಲ ಎಂದು ಸಂಕಟವಾಯಿತು. ಮೇ ತಿಂಗಳು, ನಲವತ್ತೆರಡು ಡಿಗ್ರಿ. ಮಾಳಿಗೆಯ ಮೇಲೆ ಗಾರೆ ಕಲಸಿ ಕಲ್ಲು ಕೂಡಿಸಿ ಬಿಸಿಲಿಗೆ ಬಿಟ್ಟೆ. ಬೇಗ ಒಣಗಲಿ ಅಂತ. ಮರುದಿನ ಮುಟ್ಟಿದರೆ ಗಾರೆ ಬೂದಿಯಂತೆ ಉದುರಿತು.

ಪಕ್ಕದ ಓಣಿಯಲ್ಲಿ ಮನೆ ಕಟ್ಟುತ್ತಿದ್ದ ಹಳೆಯ ಗೌಂಡಿ ಒಬ್ಬರನ್ನು ಕರೆದು ತೋರಿಸಿದೆ. ಕಾಕಾ ಗಾರೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಹೇಳಿದರು: "ಸಿಮೆಂಟ್ ಒಣಗಿ ಗಟ್ಟಿ ಆಗಂಗಿಲ್ರೀ ಸಾಹೇಬ್ರ, ನೀರು ಕುಡದು ಗಟ್ಟಿ ಆಗ್ತದ. ನೀವು ಅದಕ್ಕ ನೀರೇ ಕೊಟ್ಟಿಲ್ಲ. ಕಲ್ಲು ಒಣಾ ಇತ್ತು, ಇದ್ದ ನೀರು ಕಲ್ಲೇ ಕುಡೀತು." ನನಗೆ ಬೇಕಾದದ್ದು ಅಷ್ಟೇ ಮಾತು. ಎಷ್ಟೋ ವಿಡಿಯೋ ನೋಡಿದ್ದೆ, ಯಾರೂ ಇದನ್ನು ಇಷ್ಟು ನೇರವಾಗಿ ಹೇಳಿರಲಿಲ್ಲ. ತಂಪು ದೇಶದಲ್ಲಿ ಮಾಡುವವರಿಗೆ ಆ ತೊಂದರೆಯೇ ಬರುವುದಿಲ್ಲ ಅಲ್ವಾ?

ಮಳೆಗಾಲದ ತನಕ ಕಾದೆ. ಆಗಸ್ಟಿನಲ್ಲಿ ಶುರು ಮಾಡಿದೆ.

ಬುಡಕ್ಕೆ ಶಹಾಬಾದ್ ಕಲ್ಲು. ಇದು ನನ್ನದೇ ಯೋಚನೆ, ಹೆಮ್ಮೆಯಿಂದ ಹೇಳುತ್ತೇನೆ. ಪಾಲಿಶ್ ಇಲ್ಲದ ತುಂಡು ಪರಸಿ, ಅಂದರೆ ಹಾಸುಗಲ್ಲು, ಮುಕ್ಕಾಲು ಇಂಚು ದಪ್ಪ, ಕಲ್ಲಿನ ಅಡ್ಡೆಯವರು ದುಡ್ಡೇ ತೆಗೆದುಕೊಳ್ಳಲಿಲ್ಲ. ಅದೂ ಸುಣ್ಣಕಲ್ಲೇ. ಮೇಲೆ ವಿನೆಗರ್ ಹನಿ ಬಿಟ್ಟರೆ ಬುಸ್ ಎನ್ನುತ್ತದೆ. ಉಪ್ಪುನೀರಿನ ಪಿಎಚ್‌ನಲ್ಲಿ ಸುಮ್ನೆ ಬಿದ್ದಿರುತ್ತದೆ. ತುಕ್ಕಿನ ಬಣ್ಣದ ಗೆರೆ ಇರುವ, ಪದರ ಬಿಡುವ ತುಂಡು ಬೇಡ. ಬಡಿದಾಗ ಠಣ್ ಎನ್ನುವುದನ್ನು ಆರಿಸಿ. ಮೊದಲು ಇಡೀ ಗುಡ್ಡವನ್ನೇ ಶಹಾಬಾದ್ ಕಲ್ಲಿನಿಂದ ಮಾಡಿ ನೋಡಿದ್ದೆ. ತೂಕ ಜಾಸ್ತಿ, ತೂತೇ ಇಲ್ಲ, ಬ್ಯಾಕ್ಟೀರಿಯಾ ಕೂರಲು ಜಾಗವಿಲ್ಲ, ನೋಡಲು ಅಂಗಳದ ಕಟ್ಟೆಯಂತಿತ್ತು. ಬುಡಕ್ಕೆ ಮಾತ್ರ ಅದಕ್ಕೆ ಸಾಟಿಯಿಲ್ಲ.

ಎರಡು ಕಲ್ಲು ಕೂಡುವ ಕಡೆ ಒಳಗೆ ಕಡ್ಡಿ ಬೇಕು. ಸೂಪರ್ ಮಾರ್ಕೆಟ್ ಕಡೆ ಬೋರ್ಡು ಮಾಡುವ ಅಂಗಡಿಯಲ್ಲಿ ಎಂಟು ಎಂಎಂ ಅಕ್ರಿಲಿಕ್ ಕಡ್ಡಿಯ ತುಂಡುಗಳು ನೂರೈವತ್ತಕ್ಕೆ ಸಿಕ್ಕವು. ತೂತು ಹತ್ತು ಎಂಎಂ, ಸುತ್ತ ಗಾರೆ ತುಂಬಲು ಜಾಗ ಇರಲಿ. ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, ಇಲ್ಲದಿದ್ದರೆ ಹಗುರ ಕಲ್ಲು ಎರಡು ಹೋಳು. ನನ್ನದು ಒಂದು ಆಗಿದೆ. ಇನ್ನೊಂದು ಮಾತು, ಒಂದು ಜೋಡಣೆಗೆ ಎರಡು ಕಡ್ಡಿ. ಒಂದೇ ಹಾಕಿದರೆ ಕಲ್ಲು ಅದರ ಮೇಲೆ ಗಿರಿಗಿಟ್ಟಲೆಯಂತೆ ತಿರುಗುತ್ತದೆ. ಎರಡನ್ನೂ ಸ್ವಲ್ಪ ಓರೆಯಾಗಿ ಇಡಿ.

ಗಾರೆಗೆ ಒಂದು ಪಾಲು ಸಿಮೆಂಟ್, ಎರಡು ಪಾಲು ಅರಗೊನೈಟ್ ಎಂಬ ಸುಣ್ಣದ ಮರಳು. ಹೊಳೆ ಮರಳು ಹಾಕಲಿಲ್ಲ. ಬಿಳಿ ಸಿಮೆಂಟ್ ತಂದರೆ ಬಣ್ಣ ಹೊಂದುತ್ತದೆ, ಆದರೆ ಚೀಲ ಓದಿ ತನ್ನಿ. ಗೋಡೆಗೆ ಬಳಿಯುವ ಪುಟ್ಟಿಯೂ ಬಿಳಿಯೇ, ಅದರಲ್ಲಿ ಪಾಲಿಮರ್ ಇರುತ್ತದೆ, ಅದು ಬೇಡ. ಹದ ಹೇಳಬೇಕೆಂದರೆ ಜೋಳದ ರೊಟ್ಟಿ ಬಡಿಯುವ ಹಿಟ್ಟಿನ ಹದ. ಮುಷ್ಟಿಯಲ್ಲಿ ಒತ್ತಿದರೆ ಬೆರಳಿನ ಗುರುತು ಉಳಿಯಬೇಕು, ನೀರು ಒಸರಬಾರದು. ಕೈಗವಸು ಹಾಕಿಕೊಳ್ಳಿ. ಮೊದಲ ದಿನ ಬರಿಗೈಯಲ್ಲಿ ಕಲಸಿ ನನ್ನ ಬೆರಳ ತುದಿ ವಾರಗಟ್ಟಲೆ ಸುಲಿದಿತ್ತು.

ಗ್ಲೂ ಬಿಟ್ಟಿಲ್ಲ, ಅದರ ಕೆಲಸ ಬೇರೆ ಮಾಡಿದೆ. ಕಲ್ಲು ತಾಗುವ ಆ ಮೂರು ಕಡೆ ತೊಗರಿ ಕಾಳಿನಷ್ಟು ಜೆಲ್, ಮೇಲೆ ಒಡೆದ ಕಲ್ಲಿನ ಪುಡಿ ಒಂದು ಚಿಟಿಕೆ. ಅರ್ಧ ನಿಮಿಷದಲ್ಲಿ ಹಿಡಿಯುತ್ತದೆ. ಕೈ ಬಿಟ್ಟರೂ ಕಲ್ಲು ನಿಂತಿರುತ್ತದೆ, ಅಷ್ಟು ಸಾಕು. ಜಾಸ್ತಿ ಬಳಿದರೆ ಅದರ ಮೇಲೆ ಗಾರೆ ಹತ್ತುವುದಿಲ್ಲ. ಪುಡಿಯ ಬದಲು ಅಡುಗೆ ಸೋಡಾ ಹಾಕಿ ನೋಡಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕಲ್ಲಾಗುತ್ತದೆ, ಕಲ್ಲು ಸರಿಯಾಗಿ ಕೂರಿಸಲೂ ಸಮಯ ಕೊಡುವುದಿಲ್ಲ. ಗ್ಲೂ ಟ್ಯೂಬನ್ನು ಫ್ರಿಜ್ಜಿನಲ್ಲಿಡಿ. ಹೊರಗಿಟ್ಟ ಮೂರು ಟ್ಯೂಬು ನಮ್ಮ ಬೇಸಿಗೆಗೆ ಒಳಗೇ ಗಟ್ಟಿಯಾಗಿದ್ದವು.

ಹಚ್ಚುವ ಮುಂಚೆ ಜೆಲ್ ಹಾಕುವ ಮೂರು ಚುಕ್ಕೆ ಬಿಟ್ಟು ಉಳಿದ ಕಲ್ಲನ್ನೆಲ್ಲ ನೀರಿನಿಂದ ನೆನೆಸಿ. ಗಾರೆಯನ್ನು ತೂತಿನೊಳಗೆ, ಸಂದಿಯೊಳಗೆ ಬೆರಳಿನಿಂದ ತುರುಕಬೇಕು. ಮೇಲಿನಿಂದ ಮೆತ್ತಿದರೆ ಅದೇ ಟೊಪ್ಪಿಗೆಯ ಕತೆ. ಹಸಿ ಇರುವಾಗಲೇ ಆ ಒಡೆದ ಚೂರುಗಳನ್ನು ಮೇಲೆ ಒತ್ತಿದೆ. ಕೊನೆಗೆ ಮೇಲೆ ಒಂದು ಪುಡಿ ಸಿಂಪಡಿಸುತ್ತೇನೆ, ಆಮೇಲೆ ಜೋಡಣೆ ಎಲ್ಲಿದೆ ಎಂದು ಯಾರಿಗೂ ಕಾಣುವುದಿಲ್ಲ. ಆ ಪುಡಿ ಯಾವುದು ಎಂಬುದು ನನ್ನ ಹತ್ತಿರವೇ ಇರಲಿ. ಒಂದೇ ದಿನ ಎಲ್ಲಾ ಮುಗಿಸಲಿಲ್ಲ. ದಿನಕ್ಕೆ ಎರಡು ಜೋಡಣೆ, ಹನ್ನೊಂದು ಜೋಡಣೆಗೆ ಒಂದು ವಾರ. ಒದ್ದೆ ಗೋಣಿಚೀಲ ಹೊದಿಸಿ, ಮೂರು ಹೊತ್ತು ನೀರು ಚಿಮುಕಿಸಿ, ಹತ್ತು ದಿನ ನೆರಳಲ್ಲಿಟ್ಟೆ.

ಇನ್ನು ಪಿಎಚ್. ಎಲ್ಲರ ಹೆದರಿಕೆ ಇದೇ, ಹೆದರಿಕೆ ಸುಳ್ಳೂ ಅಲ್ಲ. ಸಿಮೆಂಟಿನ ಸುಣ್ಣ ಬಿಡಲಿ ಎಂದು ಗುಡ್ಡವನ್ನು ಟಬ್ಬಿನ ನೀರಿನಲ್ಲಿ ಮುಳುಗಿಸಿಟ್ಟೆ. ಮೊದಲ ವಾರ ಆ ನೀರಿನ ಪಿಎಚ್ ಹನ್ನೊಂದರ ಮೇಲಿತ್ತು. ಮೂರು ದಿನಕ್ಕೊಮ್ಮೆ ನೀರು ಬದಲಿಸಿದೆ. ಆರ್‌ಒ ನೀರು ಸುರಿದು ದುಡ್ಡು ಹಾಳು ಮಾಡಬೇಡಿ. ನಮ್ಮ ಬೋರಿನ ಗಡಸು ನೀರೇ ಒಳ್ಳೆಯದು, ಅದರಲ್ಲಿರುವ ಬೈಕಾರ್ಬೊನೇಟ್ ಸಿಮೆಂಟಿನಿಂದ ಬಿಡುವ ಸುಣ್ಣವನ್ನು ಕಟ್ಟಿಹಾಕುತ್ತದೆ. ಟಬ್ಬಿನ ಗೋಡೆಗೆ ಬಿಳಿ ಪೊರೆ ಬಂದದ್ದು ಅದರಿಂದಲೇ. ಬೇಗ ಇಳಿಯಲಿ ಎಂದು ಒಂದು ಕಲ್ಲಿಗೆ ವಿನೆಗರ್ ಹಾಕಿದೆ, ಗಾರೆಯ ಮೈಯೇ ಪುಡಿಯಾಯಿತು. ಇನ್ನೊಮ್ಮೆ ಗೋಲಿ ಸೋಡಾ ಎರಡು ಕ್ರೇಟ್ ತಂದು ಸಣ್ಣ ಬಕೆಟ್ಟಿನಲ್ಲಿ ಒಂದು ತುಂಡು ಮುಳುಗಿಸಿದೆ. ಬಣ್ಣ, ಸಕ್ಕರೆ ಇಲ್ಲದ ಬರೀ ಸೋಡಾ. ಆ ರಾತ್ರಿ ಪಿಎಚ್ ಸರಕ್ಕನೆ ಇಳಿಯಿತು, ಎರಡು ದಿನದಲ್ಲಿ ಒಳಗಿನ ಸುಣ್ಣ ಹೊರಬಂದು ಮತ್ತೆ ಏರಿತು. ಆದರೂ ಅದರಿಂದ ಒಂದು ದಾರಿ ಹೊಳೆಯಿತು. ಆಮೇಲೆ ಕಟ್ಟಿದ ನನ್ನ ಎರಡನೇ ಗುಡ್ಡ ಆರು ವಾರದ ಬದಲು ನಾಲ್ಕೇ ವಾರದಲ್ಲಿ ಹದಕ್ಕೆ ಬಂತು. ಅದನ್ನು ಇನ್ನೊಂದೆರಡು ಸಲ ಮಾಡಿ ನೋಡಿದ ಮೇಲೆ ಬರೆಯುತ್ತೇನೆ.

ಪರೀಕ್ಷೆ ಹೀಗೆ ಮಾಡಿ: ಹೊಸ ನೀರಿನಲ್ಲಿ ಎರಡು ದಿನ ಬಿಟ್ಟು ಅಳೆಯಿರಿ. ಬದಲಿಸಿದ ತಕ್ಷಣ ಅಳೆದರೆ ಮೋಸ ಹೋಗುತ್ತೀರಿ. ನನ್ನದು ಆರನೇ ವಾರದ ಕೊನೆಗೆ 8.4ರ ಹತ್ತಿರ ನಿಂತಿತು. ಆಮೇಲೂ ಎರಡು ವಾರ ಕಾದು ನವೆಂಬರಿನಲ್ಲಿ ಉಪ್ಪುನೀರು ಹಾಕಿದೆ.

ಇಳಿಸುವ ಮುಂಚೆ ಹೈದರಾಬಾದಿನ ಇಬ್ಬರು ಗೆಳೆಯರು ಬಂದಿದ್ದರು. ಅವರ ಎದುರಿಗೇ ಕಮಾನಿನ ನೆತ್ತಿ ಹಿಡಿದು ಬುಡದ ಪರಸಿ ಸಮೇತ ಇಡೀ ಗುಡ್ಡ ಎತ್ತಿದೆ. ಹದಿನೆಂಟು ಕೆಜಿಯಾದರೂ ಇದ್ದೀತು. ಕಿರ್ ಎಂಬ ಸದ್ದೂ ಬರಲಿಲ್ಲ. ಒಬ್ಬರು ಮಾತಾಡದೆ ಬಂದು ಜೋಡಣೆಗಳನ್ನು ಬೆರಳಿನ ಗೆಣ್ಣಿನಿಂದ ಬಡಿದು ನೋಡಿದರು.

ಲೆಕ್ಕ ಹೇಳಬೇಕೆಂದರೆ, ಗ್ಲೂ, ಪುಟ್ಟಿ, ಒಡೆದ ಕಲ್ಲು, ಸುರಿದು ಹೋದ ಉಪ್ಪು ಸೇರಿ ಹನ್ನೊಂದು ಸಾವಿರದಷ್ಟು ಹಾಳಾಯಿತು. ಕೊನೆಗೆ ಕೆಲಸ ಮಾಡಿದ ವಿಧಾನಕ್ಕೆ ಸಾವಿರದ ನಾಲ್ಕು ನೂರು ಖರ್ಚಾಗಿರಬಹುದು, ಅದರಲ್ಲೂ ಅರ್ಧ ಅರಗೊನೈಟ್ ಮರಳಿಗೆ. ಈಗ ಪಿಎಚ್ ಹಗಲು 8.2, ಬೆಳಗಿನ ಜಾವ 8ಕ್ಕೆ ಬರುತ್ತದೆ. ಎರಡು ಫ್ಯಾನ್ ತಿರುಗುತ್ತವೆ, ದಿನಕ್ಕೆ ಐದು ಲೀಟರ್ ನೀರು ಆವಿಯಾಗುತ್ತದೆ. ಎರಡನೇ ಗುಡ್ಡ ಹೈದರಾಬಾದಿಗೆ ಹೋಗಿದೆ, ಗೆಣ್ಣಿನಿಂದ ಬಡಿದು ನೋಡಿದ ಅದೇ ಗೆಳೆಯರ ಮನೆಗೆ. ಗೋಣಿಚೀಲದಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಒಯ್ದೆವು. ಬಿಚ್ಚಿದಾಗ ಒಂದು ಕಾಳಿನಷ್ಟೂ ಗಾರೆ ಉದುರಿರಲಿಲ್ಲ.