ಸಾಂಬ್ರಾದಲ್ಲಿ ಮೊದಲ ಹಾರಾಟದ ಪಾಠ: ಕೈ ಸಡಿಲ, ಕಣ್ಣು ಹೊರಗೆ

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ವಿಮಾನ ಹಾರಿಸಲು ಕಲಿಯಹೊರಟವರಿಗೆ ಈ ಮಾತು. ಮೊದಲ ಪಾಠದಲ್ಲಿ ಟೇಕಾಫ್, ಲ್ಯಾಂಡಿಂಗ್ ಇನ್‌ಸ್ಟ್ರಕ್ಟರ್ ಕೆಲಸ. ನೀವು ಕಲಿಯುವುದು ಮೂರು ಕಂಟ್ರೋಲ್‌ಗಳ ಸ್ವಭಾವ: ಎಲಿವೇಟರ್ ಮೂಗನ್ನು ಏರಿಸಿ ಇಳಿಸುತ್ತದೆ, ಏಲೆರಾನ್ ರೆಕ್ಕೆ ವಾಲಿಸುತ್ತದೆ, ರಡ್ಡರ್ ಮೂಗನ್ನು ಎಡಬಲಕ್ಕೆ ಹೊರಳಿಸುತ್ತದೆ. ಮೊದಲೆರಡು ನಡೆಯುವುದು ಕೈಯಲ್ಲಿ ಹಿಡಿಯುವ ಯೋಕ್‌ನಿಂದ (ಸ್ಟೀರಿಂಗ್‌ನಂಥ ಹಿಡಿಕೆ), ರಡ್ಡರ್ ಕಾಲಿನ ಪೆಡಲ್‌ನಿಂದ. ಇಲ್ಲಿರುವ ಅಂಕಿಗಳು ಸೆಸ್ನಾ 172ಎಸ್ ಎಂಬ ಒಂದೇ ಎಂಜಿನ್ನಿನ ಚಿಕ್ಕ ವಿಮಾನದವು. ಬೇರೆ ವಿಮಾನವಾದರೆ ಅದರ ಕೈಪಿಡಿ ನೋಡಿ.

ಸಾಧ್ಯವಾದರೆ ಬೆಳಗಿನ ಸ್ಲಾಟನ್ನೇ ಕೇಳಿ. ಬಿಸಿಲೇರಿದಂತೆ ಕಾದ ನೆಲದಿಂದ ಗಾಳಿ ಮೇಲೆದ್ದು ವಿಮಾನ ಕುಲುಕುತ್ತದೆ. ಆಗ ಅಲುಗಿದ್ದು ನಿಮ್ಮ ಕೈಯಿಂದಲೋ ಗಾಳಿಯಿಂದಲೋ ತಿಳಿಯದೆ ಪಾಠವೇ ಹಾಳಾಗುತ್ತದೆ. ಎಂಜಿನ್‌ಗೂ ಬೆಳಗೇ ಒಳ್ಳೆಯದು. ಸಾಂಬ್ರಾ ರನ್‌ವೇ ಸಮುದ್ರಮಟ್ಟದಿಂದ ಸುಮಾರು 2,490 ಅಡಿ ಎತ್ತರದಲ್ಲಿದೆ; ಬೇಸಿಗೆಯ 35 ಡಿಗ್ರಿ ಬಿಸಿಲಲ್ಲಿ ಗಾಳಿ ತೆಳ್ಳಗಾಗಿ, ವಿಮಾನಕ್ಕೆ ಅದು 5,500 ಅಡಿಯಂತೆ ಭಾಸವಾಗುತ್ತದೆ. ಓಟ ಉದ್ದವಾಗುತ್ತದೆ, ಏರಿಕೆ ಮಂದವಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಎರಡು ಇಡ್ಲಿ ಸಾಕು, ಖಾರದ ಮಿಸಳ್ ಹಾರಾಟ ಮುಗಿದ ಮೇಲಿರಲಿ.

ವಿಮಾನದ ಸುತ್ತ ಪರೀಕ್ಷೆಗೆ ಹೋದಾಗ ಚೆಕ್‌ಲಿಸ್ಟ್ ಕೈಯಲ್ಲೇ ಇರಲಿ. ಎಂಜಿನ್ ಆಯಿಲ್ 5 ಕ್ವಾರ್ಟ್‌ಗಿಂತ (ಸುಮಾರು 4.7 ಲೀಟರ್) ಕಡಿಮೆಯಿದ್ದರೆ ಹಾರುವಂತಿಲ್ಲ. ವೇಗ ಅಳೆಯಲು ಗಾಳಿ ಹಿಡಿಯುವ ಪಿಟೋ ಟ್ಯೂಬಿನ ಕವರ್ ತೆಗೆದು, ರಂಧ್ರದಲ್ಲಿ ಹುಳು ಗೂಡು ಕಟ್ಟಿಲ್ಲವೆಂದು ನೋಡಿ. ಅದು ಮುಚ್ಚಿದ್ದರೆ ವೇಗದ ಮೀಟರ್ ಸುಳ್ಳು ಹೇಳುತ್ತದೆ. ಇಂಧನ ತೆಗೆದು ನೋಡಲು ಪ್ರತಿ ರೆಕ್ಕೆಯಡಿ ಐದು, ಮುಂಭಾಗದ ಹೊಟ್ಟೆಯಡಿ ಮೂರು, ಒಟ್ಟು 13 ಡ್ರೇನ್‌ಗಳಿವೆ. ಇಂಧನ ತುಂಬಿದ ಪಾರದರ್ಶಕ ಕಪ್ಪನ್ನು ಬೆಳಕಿಗೆ ಹಿಡಿಯಿರಿ: ಈ ವಿಮಾನದ ಪೆಟ್ರೋಲಾದ ಆವ್‌ಗ್ಯಾಸ್ 100ಎಲ್‌ಎಲ್ ತಿಳಿನೀಲಿ, ನೀರಿದ್ದರೆ ಬಣ್ಣವಿಲ್ಲದ ಗುಳ್ಳೆಯಾಗಿ ತಳದಲ್ಲಿ ಕೂರುತ್ತದೆ. ಕಪ್ಪಿನ ತುಂಬ ನೀರೇ ಬಂದರೆ ನೀರಿಗೂ ಇಂಧನಕ್ಕೂ ನಡುವಿನ ಗೆರೆ ಕಾಣದು. ಅದಕ್ಕೇ ಬಣ್ಣ ನೋಡುವುದು, ವಾಸನೆ ನೋಡುವುದು.

ಸೀಟಿನ ವಿಷಯದಲ್ಲಿ ಅವಸರ ಬೇಡ. ಪೆಡಲ್ ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಚಿರಬೇಕು. ಬಳಿಕ ಸೊಂಟದಿಂದ ಹಿಂದೆ ಮುಂದೆ ಜೋರಾಗಿ ತಳ್ಳಿ, ಪಿನ್ ಹಳಿಯ ತೂತಿನಲ್ಲಿ ಕೂತಿದೆಯೇ ಪರೀಕ್ಷಿಸಿ. ಕೂರದಿದ್ದರೆ ಟೇಕಾಫ್ ವೇಗಕ್ಕೆ ಸೀಟು ಹಿಂದೆ ಜಾರುತ್ತದೆ, ಗಾಬರಿಯಲ್ಲಿ ಯೋಕ್ ಹಿಡಿದೆಳೆದರೆ ಮೂಗು ನೆಟ್ಟಗೆ ಏಳುತ್ತದೆ. ಇದರಿಂದ ಜೀವಗಳೇ ಹೋಗಿವೆ.

ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವಾಗ, ಯೋಕ್ ತಿರುಗಿಸಿದರೆ ವಿಮಾನ ತಿರುಗದು, ದಿಕ್ಕು ಕಾಲಲ್ಲಿದೆ. ಹಿಮ್ಮಡಿ ನೆಲದ ಮೇಲಿರಲಿ, ಪಾದ ಮೇಲೆ ಸರಿದರೆ ಗೊತ್ತಿಲ್ಲದೆ ಬ್ರೇಕ್ ಬೀಳುತ್ತದೆ. ರನ್‌ಅಪ್‌ನಲ್ಲಿ, ಅಂದರೆ ಟೇಕಾಫ್‌ಗೆ ಮುಂಚಿನ ಎಂಜಿನ್ ಪರೀಕ್ಷೆಯಲ್ಲಿ, 1,800 ಆರ್‌ಪಿಎಂಗೆ (ನಿಮಿಷಕ್ಕೆ ಸುತ್ತು) ಏರಿಸಿ, ಎಂಜಿನ್‌ಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳನ್ನು ಒಂದೊಂದಾಗಿ ನೋಡುತ್ತಾರೆ: ಒಂದರಲ್ಲೇ ಓಡಿಸಿದಾಗ ಆರ್‌ಪಿಎಂ ಇಳಿತ 150 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು.

ಮೇಲೆ ಹೋದ ಮೇಲೆ ಯೋಕನ್ನು ಎರಡು ಬೆರಳು, ಒಂದು ಹೆಬ್ಬೆರಳಲ್ಲಿ ಹಿಡಿಯಿರಿ. ಮುಷ್ಟಿ ಬಿಗಿದರೆ ವಿಮಾನ ಏನು ಹೇಳುತ್ತಿದೆಯೆಂದು ಕೈಗೆ ತಿಳಿಯದು, ತಿದ್ದಿದ್ದೆಲ್ಲ ಅತಿಯಾಗುತ್ತದೆ. ಡ್ಯಾಶ್‌ಬೋರ್ಡಿನ ಮೇಲಂಚಿಗೂ ದಿಗಂತಕ್ಕೂ ನಡುವೆ ಎಷ್ಟು ಜಾಗವಿದೆ ನೋಡಿ. ಆ ಜಾಗ ಬದಲಾಗದಿದ್ದರೆ ಎತ್ತರವೂ ಹೆಚ್ಚುಕಡಿಮೆ ನಿಲ್ಲುತ್ತದೆ. ಮೀಟರ್ ನೋಡಿಯೇ ಹಾರಿಸಹೊರಟರೆ ಮುಳ್ಳಿನ ಹಿಂದೆ ಓಡುತ್ತ ಏರಿಳಿಯುತ್ತಲೇ ಇರುತ್ತೀರಿ. ಮೊದಲು ಮೂಗಿನ ಮಟ್ಟ, ಆಮೇಲೆ ಪವರ್, ಕೊನೆಗೆ ಟ್ರಿಮ್. ಟ್ರಿಮ್ ಇರುವುದು ಕೈಯ ಭಾರ ಇಳಿಸಲು, ಹಾರಿಸಲು ಅಲ್ಲ.

ಬಲಕ್ಕೆ ವಾಲಿಸಿದಾಗ ಮೂಗು ಕ್ಷಣಹೊತ್ತು ಎಡಕ್ಕೆ ಸರಿಯುತ್ತದೆ. ಏಲೆರಾನ್ ಇಳಿದ ಎಡ ರೆಕ್ಕೆಗೆ ಗಾಳಿಯ ತಡೆ ಹೆಚ್ಚುವುದೇ ಕಾರಣ. ಏಲೆರಾನ್ ಜೊತೆಗೇ ಬಲ ಪೆಡಲ್ ತುಸು ಒತ್ತಿದರೆ ಸರಿಹೋಗುತ್ತದೆ.

ಆಲ್ಟಿಮೀಟರ್ ತೋರಿಸುವುದು ಸಮುದ್ರಮಟ್ಟದಿಂದ ಎತ್ತರ: ಸಾಂಬ್ರಾ ಮೇಲೆ 3,500 ಅಂದರೆ ನೆಲಕ್ಕೆ ಸುಮಾರು ಸಾವಿರ ಅಡಿ ಮಾತ್ರ.

ಇನ್‌ಸ್ಟ್ರಕ್ಟರ್ "ಯು ಹ್ಯಾವ್ ಕಂಟ್ರೋಲ್" ಎಂದಾಗ "ಐ ಹ್ಯಾವ್ ಕಂಟ್ರೋಲ್" ಎಂದು ಬಾಯಿಬಿಟ್ಟು ಹೇಳಿ. ಅವರು ವಾಪಸ್ ಕೇಳಿದರೆ ತಕ್ಷಣ ಕೈಕಾಲು ತೆಗೆಯಿರಿ. ಹೊಟ್ಟೆ ತೊಳಸಿದರೆ ಆಗಲೇ ತಿಳಿಸಿ, ಕಣ್ಣನ್ನು ದೂರದ ದಿಗಂತಕ್ಕೆ ನೆಡಿ.

ಇಳಿದ ಮೇಲೆ ಲಾಗ್‌ಬುಕ್‌ನಲ್ಲಿ ಡ್ಯುಯಲ್ (ಇನ್‌ಸ್ಟ್ರಕ್ಟರ್ ಜೊತೆಗಿನ ಹಾರಾಟ) ಕಾಲಂಗೇ ಬರೆಯಿರಿ, ಸಮಯವನ್ನು ಇನ್‌ಸ್ಟ್ರಕ್ಟರ್ ಬರೆದದ್ದರ ಜೊತೆ ಅಂದೇ ತಾಳೆ ನೋಡಿ. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ 200 ಗಂಟೆಯ ಲೆಕ್ಕ ಈ ಸಾಲಿನಿಂದಲೇ ಶುರು.