ಹಂಚಿಹೋದ ರಾಜ್ಯವನ್ನು ಮತ್ತೆ ಒಂದಾಗಿಸಿದ್ದು

ಮಡಿಕೇರಿಯ ಮಳೆಗಾಲದಲ್ಲಿ ತೋಟಕ್ಕೆ ಇಳಿಯಲಾಗದ ವಾರಗಳಲ್ಲಿ ನಾನು ಮಧ್ಯಯುಗದ ಅರಸುವಂಶವೊಂದನ್ನು ನಡೆಸುವ ಕ್ರುಸೇಡರ್ ಕಿಂಗ್ಸ್ 3 ಎಂಬ ಕಂಪ್ಯೂಟರ್ ಆಟವನ್ನು 1066ರ ಐರ್ಲೆಂಡಿನ ಮನ್‌ಸ್ಟರ್ ಅರಸನಾಗಿ ಆರಂಭಿಸಿ, ಎರಡು ತಲೆಮಾರುಗಳಲ್ಲಿ ಇಡೀ ದ್ವೀಪವನ್ನೂ ಸ್ಕಾಟ್ಲೆಂಡಿನ ಬಹುಭಾಗವನ್ನೂ ಗೆದ್ದಿದ್ದೆ. ಅರಸ ಸತ್ತ ಮರುಕ್ಷಣವೇ ಎಲ್ಲವೂ ತಲೆಕೆಳಗಾಯಿತು. ಸ್ಕಾಟ್ಲೆಂಡಿನ ಕಿರೀಟವನ್ನು ನಾನು ಸೃಷ್ಟಿಸಿಯೇ ಇರಲಿಲ್ಲ. ಆದರೂ ಆಟವೇ ಅದನ್ನು ಸೃಷ್ಟಿಸಿ ಎರಡನೆಯ ಮಗನಿಗೆ ಕೊಟ್ಟು, ಅವನನ್ನು ಸ್ವತಂತ್ರ ರಾಜನನ್ನಾಗಿ ಮಾಡಿತ್ತು.

ಆಟದ ಆರಂಭಕಾಲದ ಉತ್ತರಾಧಿಕಾರ ಕಾನೂನಿನ ಸ್ವಭಾವವೇ ಅದು: ಸಾಕಷ್ಟು ಭೂಮಿ ಕೈಯಲ್ಲಿದ್ದರೆ ಇಲ್ಲದ ಪದವಿಯನ್ನೂ ಹುಟ್ಟಿಸಿ ಮಕ್ಕಳಿಗೆ ಹಂಚುತ್ತದೆ. ಕೊಡವರ ಒಕ್ಕದ, ಅಂದರೆ ಒಂದೇ ಮೂಲದ ಕೂಡುಕುಟುಂಬದ, ಆಸ್ತಿ ಒಡೆಯದೆ, ಹಿರಿಯನಾದ ಪಟ್ಟೇದಾರನ ಕೈಯಲ್ಲಿರುವ ಪದ್ಧತಿಯನ್ನು ಕೇಳಿ ಬೆಳೆದ ನನಗೆ ಇದು ಹೊಳೆಯದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಆಟದಲ್ಲಿ ಮೊದಲೇ ಉಳಿಸಿಟ್ಟಿದ್ದ ಹಂತಕ್ಕೆ (ಸೇವ್) ಮರಳಿ, ಐರಿಷ್ ಅರಸರಿಗೆ ದೊರೆಯುವ ಟ್ಯಾನಿಸ್ಟ್ರಿ ಎಂಬ ಚುನಾವಣಾ ಪದ್ಧತಿಯನ್ನು ಐರ್ಲೆಂಡಿನ ಕಿರೀಟಕ್ಕೆ ಜಾರಿಗೊಳಿಸಿದೆ. ಇದರಲ್ಲಿ ಸಾಮಂತರು ವಂಶದವರಲ್ಲೊಬ್ಬನನ್ನು ಆರಿಸುತ್ತಾರೆ. ಅಷ್ಟಕ್ಕೇ ಸಮಸ್ಯೆ ಬಗೆಹರಿಯಲಿಲ್ಲ, ಏಕೆಂದರೆ ಈ ಕಾನೂನು ಒಂದೊಂದು ಪದವಿಗೂ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಆದ್ದರಿಂದ ಸ್ಕಾಟ್ಲೆಂಡಿನ ಕಿರೀಟವನ್ನು ನಾನೇ ಸೃಷ್ಟಿಸಿ, ಅದಕ್ಕೂ ಅದೇ ಕಾನೂನನ್ನು ಹಾಕಿ, ಎರಡೂ ಕಡೆ ಒಬ್ಬನೇ ಅಭ್ಯರ್ಥಿಗೆ ಮತ ಕೊಟ್ಟು, ಮುನಿಸಿಕೊಂಡಿದ್ದ ಸಾಮಂತರನ್ನು ಉಡುಗೊರೆಗಳಿಂದ ಒಲಿಸಿಕೊಂಡೆ. ನನ್ನ ಮಗನ ಬದಲು ಅವನ ಚಿಕ್ಕಪ್ಪನನ್ನು ಅವರು ಆರಿಸಿದ್ದು ಬೇರೆ ಮಾತು. ಕೌಂಟಿಗಳೆಂಬ ಸಣ್ಣ ಪ್ರಾಂತ್ಯಗಳಲ್ಲಿ ಕೆಲವು ಹಂಚಿಹೋದವು. ಆದರೆ ಎರಡೂ ಕಿರೀಟಗಳು ಒಂದೇ ತಲೆಯ ಮೇಲೆ ಉಳಿದವು.